ಕುಬಸದ ಸೀರೆಗೆ ಕರಿ ದಡಿ

ಗಂಜಿ ಹಚ್ಚಿದ ನೂಲು ಮಳೆಗಾಲದಲ್ಲಿ ಬೇಗ ಒಣಗುವುದಿಲ್ಲ. ಓಣಿಯ ಉದ್ದಕ್ಕೂ ಒಂದು ಹುಳಿ ವಾಸನೆ ನಿಂತುಬಿಡುತ್ತದೆ. ಅದು ಹಳಸಿದ ಅನ್ನದ್ದಲ್ಲ, ಒದ್ದೆ ಬಟ್ಟೆಯದ್ದಲ್ಲ, ಎರಡರ ನಡುವಿನದು. ಹೋದ ತಿಂಗಳು ನರಗುಂದದಲ್ಲಿ ಪರೀಕ್ಷೆಯ ಕೆಲಸ ಮುಗಿಸಿಕೊಂಡು, ರೋಣದ ಮೇಲೆ ಹಾಯ್ದು ಗಜೇಂದ್ರಗಡದಲ್ಲಿ ಇಳಿದೆ. ಚಿಗವ್ವನ ಮನೆಯ ಕಡೆ ನಡೆಯುವಾಗ ನೇಕಾರರ ಓಣಿಯ ತಿರುವಿನಲ್ಲಿ ಆ ವಾಸನೆ ಸಿಕ್ಕಿತು. ಆ ವರ್ಷದ ಶ್ರಾವಣ ಇಡಿಯಾಗಿ ಕಣ್ಣೆದುರು ಬಂತು ಎಂದು ಬರೆಯಲು ಹೊರಟಿದ್ದೆ. ಇಡಿಯಾಗಿ ಅನ್ನುವುದು ಸುಳ್ಳು. ಯಾವ ನೆನಪೂ ನನಗೆ ಇಡಿಯಾಗಿ ಬಂದದ್ದಿಲ್ಲ. ಅರ್ಧ ಬರುತ್ತದೆ. ಉಳಿದರ್ಧವನ್ನು ಮನಸ್ಸು ತನ್ನ ಹತ್ತಿರ ಇದ್ದದ್ದರಿಂದ ತುಂಬಿಕೊಡುತ್ತದೆ, ಎಲ್ಲಿ ಕೂಡಿಸಿತೆಂದು ಗೊತ್ತಾಗದ ಹಾಗೆ. ಈ ಅನುಮಾನ ನನಗೆ ಹತ್ತಿಕೊಂಡದ್ದೂ ಆ ಓಣಿಯಲ್ಲೇ, ಒಂದು ಕಂಪ್ಯೂಟರಿನ ಮುಂದೆ.

ಧಾರವಾಡದಲ್ಲಿ ಎಂ.ಸಿ.ಎ. ಮುಗಿಸಿ, ಕೆಲಸ ಇನ್ನೂ ಸಿಗದೆ ಚಿಗವ್ವನ ಮನೆಯಲ್ಲಿ ಬಂದು ಕೂತಿದ್ದ ಮಳೆಗಾಲ ಅದು. ಹೊಲಗಳಲ್ಲಿ ಹೆಸರು ಬಿಡಿಸುವ ಕಾಲ. ಎರಡು ದಿನ ಬಿಸಿಲು ಬಿದ್ದರೆ ರಸ್ತೆಯ ಮೇಲೆಲ್ಲ ಹೆಸರಿನ ಕಾಯಿ ಹರಡುತ್ತಿದ್ದರು. ಮೋಡ ಕಂಡರೆ ಕೂಗಾಡುತ್ತ ಗುಡಿಸಿ ತಾಡಪತ್ರಿ ಹೊದಿಸುತ್ತಿದ್ದರು. ಎರಿ ಮಣ್ಣು ಚಪ್ಪಲಿಗೆ ಹತ್ತಿ ಹತ್ತಿ ನಾವೆಲ್ಲ ಒಂದು ಗೇಣು ಎತ್ತರವಾಗಿ ನಡೆಯುತ್ತಿದ್ದೆವು. ಗುಡ್ಡದ ಮೇಲಿನ ಗಾಳಿಯಂತ್ರಗಳು ಮೋಡದೊಳಗೆ ಹೋಗಿ, ಬರೀ ರೆಕ್ಕೆಯ ತುದಿ ಒಂದೊಂದಾಗಿ ಕೆಳಗೆ ಬಂದು ಮತ್ತೆ ಮಾಯವಾಗುತ್ತಿದ್ದವು. ನಾನು ಅದನ್ನೇ ನೋಡುತ್ತ ಮಧ್ಯಾಹ್ನಗಳನ್ನು ಕಳೆಯುತ್ತಿದ್ದೆ ಅನ್ನಿಸುತ್ತದೆ. ಚಿಗವ್ವನಿಗೆ ಅದನ್ನು ನೋಡಲಾಗಲಿಲ್ಲ.

"ಕಲಿತಾಕಿ ಹಿಂಗ ಕಿಡಕ್ಯಾಗ ಕುಂತ್ರ ಕಲತಿದ್ದಕ್ಕ ಬೂಜ ಹಿಡಿತೈತಿ," ಎಂದು ಓಣಿಯ ಕೊನೆಯಲ್ಲಿದ್ದ ನೇಕಾರರ ಸಂಘಕ್ಕೆ ಕರೆದುಕೊಂಡು ಹೋದಳು. ಸಂಘದ ಅಧ್ಯಕ್ಷ ಸಂಗಪ್ಪನವರು ಆಕೆಗೆ ಪರಿಚಯ.

ಸಂಘದ ಮೇಜಿನ ಮುಂದೆ ಹಸೀನಾ ಇದ್ದಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ನೂಲಿಗೆ ಬಣ್ಣ ಹಾಕುವವರ ಮಗಳು. ಸಣ್ಣವಳಿದ್ದಾಗ ಜ್ವರ ಬಂದು ಕಣ್ಣು ಹೋಗಿದ್ದವು. ಹುಬ್ಬಳ್ಳಿಯಲ್ಲಿ ಅಂಧರ ಶಾಲೆಯಲ್ಲಿ ಕಲಿತು, ಬಿ.ಎ. ಮಾಡಿಕೊಂಡು, ಕೀಲಿಮಣೆಯ ಮೇಲೆ ಕನ್ನಡವನ್ನು ಮಳೆ ಸುರಿದ ಹಾಗೆ ಟೈಪ್ ಮಾಡುತ್ತಿದ್ದಳು. ಸಂಘಕ್ಕೆ ಬರುವ ಫೋನುಗಳನ್ನು ಎತ್ತಿ ಸೀರೆಗಳ ಆರ್ಡರ್ ಬರೆದುಕೊಳ್ಳುವುದು, ನೇಕಾರ ಬಂದಾಗ ಅವನ ಪಾಲಿನ ಆರ್ಡರ್ ಹೇಳುವುದು, ಇದು ಆಕೆಯ ಕೆಲಸ. ಬರೆಯುವುದೇನೋ ಆಗುತ್ತಿತ್ತು. ಬರೆದದ್ದನ್ನು ಮತ್ತೆ ಕೇಳಿಸಿಕೊಳ್ಳಲು ದಾರಿ ಇರಲಿಲ್ಲ, ಸಂಗಪ್ಪನವರನ್ನು ಕರೆದು ಓದಿಸಬೇಕಾಗುತ್ತಿತ್ತು. ಬರೆದದ್ದನ್ನು ದನಿಯಾಗಿ ಓದುವ ಒಂದು ಪ್ರೋಗ್ರಾಮ್ ಮಾಡಿಕೊಡುವುದು ನನ್ನ ಪಾಲಿಗೆ ಬಂತು.

"ಕಂಪ್ಯೂಟರ್ ಮೇಡಂ ಬಂದ್ರೇನು?" ಎಂದಳು ಹಸೀನಾ, ಮುಖ ನನ್ನ ಕಡೆ ತಿರುಗಿಸದೆ. "ಕುರ್ಚಿ ಎಳ್ಕೊಂಡ ಸಪ್ಪಳದಾಗ ತಿಳೀತು. ಕಲತವರು ಕುರ್ಚಿ ಎತ್ತಂಗಿಲ್ಲ, ಎಳೀತಾರ."

ನನಗೆ ನಗು ಬಂತು. ಅಥವಾ ಈಗ ನೆನೆದಾಗ ಬರುತ್ತಿದೆ.

ಆ ಓಣಿಯಲ್ಲಿ ಆರ್ಡರ್ ಅಂದರೆ ನಂಬರು, ಅಳತೆ ಅಲ್ಲ. ಫೋನಿನಲ್ಲಿ ಫೋಟೋ ಕಳಿಸುವವರೂ ಇದ್ದರು, ಆದರೆ ಬಣ್ಣ ಹೇಳುವುದು ಬಾಯಿಂದಲೇ. ಯಾವ ಊರು, ಯಾರ ಮನೆ, ಎಷ್ಟನೇ ಮಗಳು, ಏನು ಕಾರ್ಯ, ಆಮೇಲೆ ಸೀರೆಯ ಒಡಲು, ದಡಿ ಅಂದರೆ ಅಂಚು, ಸೆರಗು ಯಾವ ಬಣ್ಣ. ಎಲ್ಲರೂ ಇದೇ ಧಾಟಿಯಲ್ಲಿ ಹೇಳುತ್ತಿದ್ದರು, ಹಸೀನಾ ಇದೇ ಧಾಟಿಯಲ್ಲಿ ಬರೆಯುತ್ತಿದ್ದಳು. ನೇಕಾರ ಮಗ್ಗಕ್ಕೆ ಹಾಸಿನ ನೂಲು ಹೂಡುವ ಮೊದಲು ಬಂದು ಅದನ್ನು ಬಾಯಿಂದ ಕೇಳಿಕೊಂಡು ಹೋಗಬೇಕು. ಚೀಟಿ ಓದಲು ಬರುವವರೂ ಕೇಳಿಯೇ ಹೋಗುತ್ತಿದ್ದರು. ಇನ್ನೊಂದು ನೇಮವಿತ್ತು. ಶುಭಕಾರ್ಯದ ಸೀರೆಯ ಬಗ್ಗೆ ಗಿರಾಕಿಗೆ ತಿರುಗಿ ಫೋನ್ ಮಾಡಿ ಕೇಳುವಂತಿಲ್ಲ. ಹೊರಟು ನಿಂತವರನ್ನು ಎಲ್ಲಿಗೆ ಎಂದು ಕೇಳಬಾರದಲ್ಲ, ಹಾಗೆ. ಒಮ್ಮೆ ಹೇಳಿಸಿಕೊಂಡರೆ ಮುಗಿಯಿತು.

ನಾನು ಮಾಡಿದ ಪ್ರೋಗ್ರಾಮ್ ಸಣ್ಣದು. ಮಾತಾಡುವ ವಿದ್ಯೆ ಅದಕ್ಕೆ ಗೊತ್ತಿರಲಿಲ್ಲ. ಕನ್ನಡವನ್ನು ಓದಿ ದನಿ ಹೊರಡಿಸುವ ಒಂದು ಲೈಬ್ರರಿಯನ್ನು ಬೇರೆ ಯಾರೋ ಹಿಂದೆಯೇ ಬರೆದಿಟ್ಟಿದ್ದರು. ಅದರ ಒಳಗೇನಿದೆ ಎಂದು ನೋಡಲು ಬರುತ್ತಿರಲಿಲ್ಲ, ಹೊರಗಿನಿಂದ ಕರೆಯಲಷ್ಟೇ ಬರುತ್ತಿತ್ತು. ನಾನು ಒಂದು ಸ್ಟ್ರಿಂಗ್, ಅಂದರೆ ಅಕ್ಷರಗಳ ಒಂದು ಸಾಲು ಕೊಡಬೇಕು, ಅದು ಓದಬೇಕು. ನನ್ನ ಭಾಷೆ ಬೇರೆ, ಅದರ ಭಾಷೆ ಬೇರೆ. ಆದ್ದರಿಂದ ಅಕ್ಷರಗಳನ್ನು ಅದಕ್ಕೆ ತಿಳಿಯುವ ರೂಪಕ್ಕೆ ತಿರುಗಿಸಿ, ಕಂಪ್ಯೂಟರಿನ ನೆನಪಿನಲ್ಲಿ ಒಂದು ಖಾಲಿ ಜಾಗ ಬೇಡಿ ಪಡೆದು, ಅಲ್ಲಿಟ್ಟು, ಇಂಥ ಕಡೆ ಇದೆ ಎಂದು ವಿಳಾಸ ಕೊಡುತ್ತಿದ್ದೆ. ಅದು 'ಆಯಿತು' ಎಂದು ಉತ್ತರ ಕೊಡುತ್ತಿತ್ತು. ಕೂಡಲೇ ಆ ಜಾಗವನ್ನು ಖಾಲಿ ಮಾಡಿ ಒಪ್ಪಿಸಿಬಿಡುತ್ತಿದ್ದೆ. ಬೇಡಿ ಪಡೆದ ಜಾಗವನ್ನು ತಡಮಾಡದೆ ಬಿಟ್ಟುಕೊಡಬೇಕು ಎಂದು ಧಾರವಾಡದಲ್ಲಿ ಕಲಿಸಿದ್ದರು.

ಮೊದಲ ದಿನ ದನಿ ಬಂದಾಗ ಹಸೀನಾ ಕಿವಿಗೆ ಹಾಕಿಕೊಂಡಿದ್ದ ಹೆಡ್‌ಫೋನನ್ನು ಎರಡೂ ಕೈಯಿಂದ ಒತ್ತಿ ಹಿಡಿದಳು. ತಾನೇ ಬರೆದದ್ದನ್ನು ಮತ್ತೊಬ್ಬರ ಬಾಯಲ್ಲಿ ಕೇಳಿದಳು.

"ಈಕಿ ಯಾವೂರಾಕಿ?" ಎಂದಳು.

"ಯಾವೂರಾಕಿನೂ ಅಲ್ಲ ಹಸೀನಕ್ಕ, ಯಂತ್ರ."

"ಮೈಸೂರ ಕಡಿಯಾಕಿ ಇರಬೇಕು. 'ಸೀರೆ' ಅಂತಾಳ. ಇರ್ಲಿ, ನಾ ಸೀರಿ ಅಂತ ತಿಳ್ಕೊತೀನಿ."

ಆ ಮೇಲಿನ ದಿನಗಳು ನನಗೆ ಒಂದೇ ದಿನದಂತೆ ನೆನಪಿವೆ. ಜಿಟಿಜಿಟಿ ಮಳೆ, ಓಣಿಯ ಎರಡೂ ಬದಿ ಮಗ್ಗದ ಸಪ್ಪಳ, ನಡುವೆ ಫೋನು. ಹಸೀನಾ ಬಣ್ಣಗಳ ಬಗ್ಗೆ ಮಾತಾಡುತ್ತಿದ್ದಳು. "ಹಸಿರು ನೆನಪೈತಿ ನನಗ. ಅಪ್ಪಾ ಬಣ್ಣದ ಹಂಡೆದಾಗ ನೂಲಿನ ಲಡಿ ಮುಳುಗಿಸಿ ಎತ್ತತಿದ್ದ, ಅದು. ಆದ್ರ ಅದು ಖರೇ ಹಸಿರೋ, ಇಷ್ಟ ವರ್ಷದಾಗ ನಾನ ಮಾಡ್ಕೊಂಡ ಹಸಿರೋ, ಯಾರನ್ನ ಕೇಳ್ಲಿ?" ಈ ಮಾತನ್ನು ಆಕೆ ಹೇಳಿದಳೆಂದು ನಾನು ಬಲವಾಗಿ ನಂಬಿದ್ದೇನೆ.

ಕೊಣ್ಣೂರಿನ ಬಸಮ್ಮ ಎಂಬಾಕೆ ತನ್ನ ನಡುವಿನ ಮಗಳ ಕುಬಸಕ್ಕೆಂದು ಸೀರೆ ಹೇಳಿದ್ದು ಆ ದಿನಗಳಲ್ಲಿ. ಸೀಮಂತದಲ್ಲಿ ಬಸುರಿಗೆ ಉಡಿಸುವ ಸೀರೆ, ಹಸಿರೇ ಆಗಬೇಕು. ನೇಯಬೇಕಾದವನು ಯಲ್ಲಪ್ಪ, ಸಂಘದಲ್ಲಿ ಹಿರಿಯ ಕೈ. ಅವನು ಬಂದು ಮೇಜಿನ ಮುಂದೆ ನಿಂತು ಕೇಳಿದ. ಹಸೀನಾ ಕೀಲಿ ಒತ್ತಿ, ಹೆಡ್‌ಫೋನಿನಲ್ಲಿ ಕೇಳಿಸಿಕೊಂಡು ಹೇಳಿದಳು. ಆಗಲೇ ಫೋನ್ ಬಂದಿತ್ತು, ಕತ್ತಿನಲ್ಲಿ ಫೋನ್ ಸಿಗಿಸಿಕೊಂಡು ಅತ್ತಲಿನ ಆರ್ಡರನ್ನೂ ಬರೆಯುತ್ತಿದ್ದಳು. ನಾನು ಅಲ್ಲೇ ಇದ್ದೆ. ಏನು ಹೇಳಿದಳೆಂದು ಮಾತ್ರ ಕೇಳಿಸಿಕೊಳ್ಳಲಿಲ್ಲ, ಕಿಟಕಿಯ ಹೊರಗೆ ನೋಡುತ್ತಿದ್ದೆ.

ಸೀರೆ ತಯಾರಾಯಿತು. ಹೊಳೆಗೆ ನೀರು ಏರುತ್ತಿದೆ, ಕೊಣ್ಣೂರ ಸೇತುವೆ ಮುಳುಗಬಹುದು ಎಂದು ಬಸಮ್ಮ ತಾನೇ ಅವಸರದಲ್ಲಿ ಬಂದಳು. ಯಲ್ಲಪ್ಪ ಮಡಿಕೆ ಬಿಚ್ಚಿದ. ಗಿಳಿಯ ಹಸಿರು ಒಡಲು, ಕಣ್ಣಿಗೆ ತಂಪು. ಅದರ ಅಂಚಿಗೆ ಉದ್ದಕ್ಕೂ ಕಾಡಿಗೆಯಂಥ ಕರಿ ದಡಿ.

ಬಸಮ್ಮ ಸೀರೆಯನ್ನು ಮುಟ್ಟಲಿಲ್ಲ. ಮುಟ್ಟಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳೋ ಏನೋ.

"ಕುಬಸಕ್ಕ ಕರಿ ದಡಿ ಹಾಕೀರಿ? ನನ್ನ ಮಗಳಿಗೆ ಏನ್ ಸೂಚನಾ ಕೊಡಾಕತ್ತೀರಿ ನೀವು?"

"ನೀವ ಹೇಳಿದ್ದವ್ವಾ," ಎಂದ ಯಲ್ಲಪ್ಪ.

"ನಾ ಯಾಕ ಹೇಳ್ಲಿ? ಕೆಂಪ ದಡಿ ಅಂತ ಹೇಳೀನಿ, ನನ್ನ ಬಾಯಾಗ ಕರಿ ಅನ್ನೂ ಮಾತ ಬರತೈತೇನು ಕುಬಸಕ್ಕ?"

ಸಂಗಪ್ಪನವರು ಎದ್ದು ಬಂದು ಪರದೆಯ ಮೇಲೆ ಓದಿದರು. ಅಲ್ಲಿ ಸ್ಪಷ್ಟವಾಗಿ ಇತ್ತು: ಹಸಿರು ಒಡಲು, ಕೆಂಪು ದಡಿ. ಹಸೀನಾಳೇ ಬರೆದದ್ದು. ಎಲ್ಲರೂ ಆಕೆಯ ಕಡೆ ತಿರುಗಿದರು. ತಿರುಗಿದ್ದು ಆಕೆಗೆ ಗೊತ್ತಾಯಿತು.

"ಓದಿ ಹೇಳಾಕಿ ಕರಿ ಅಂದ್ಲು. ನಾನೂ ಕರಿ ಏನವ್ವಾ ಅಂತ ಕೇಳ್ದೆ, ಹೂಂ ಕಾಕಾ ಅಂದ್ಲು," ಎಂದ ಯಲ್ಲಪ್ಪ.

"ಅದು ಹಂಗ ಓದಿತ್ರಿ," ಎಂದಳು ಹಸೀನಾ. "ಕುಬಸಕ್ಕ ಕರಿ ಯಾಕ ಅಂತ ನನಗೂ ಅನಿಸ್ತು. ತಿರುಗಿ ಕೇಳೂ ಹಂಗಿಲ್ಲಲ್ರಿ, ಸುಮ್ಮನಾದೆ. ಕಿವ್ಯಾಗ ಕರಿ ದಡಿ ಅಂತನ ಬಿತ್ತು."

ಸಂಗಪ್ಪನವರು ಕೀಲಿ ಒತ್ತಿಸಿ ಎಲ್ಲರಿಗೂ ಕೇಳುವಂತೆ ಓದಿಸಿದರು. ಮೈಸೂರಿನ ಆ ದನಿ ತಪ್ಪಿಲ್ಲದೆ ಹೇಳಿತು: ಕೆಂಪು ದಡಿ. ಮತ್ತೆ ಒತ್ತಿದರು. ಕೆಂಪು ದಡಿ. ಹಸೀನಾ ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಕುಗ್ಗಿದಳು.

ಬಸಮ್ಮ ಸೀರೆ ಬಿಟ್ಟು ಹೋದಳು. ಮರುದಿನ ಸೇತುವೆ ಮುಳುಗಿ, ಆ ಕಡೆಯ ಊರುಗಳಿಗೆ ದಾರಿ ಕಡಿಯಿತು. ಐದರಲ್ಲಿ ಮಾಡಬೇಕಿದ್ದ ಕುಬಸವನ್ನು ಏಳು ತಿಂಗಳಿಗೆ ಮಾಡುತ್ತೇವೆ, ಅಷ್ಟರಲ್ಲಿ ಸರಿಯಾದ ಸೀರೆ ಕೊಡಿ ಎಂದು ಬಸಮ್ಮ ಫೋನಿನಲ್ಲಿ ಹೇಳಿದಳು. ಸೀರೆಯನ್ನು ಮತ್ತೊಮ್ಮೆ ನೇಯಬಹುದಿತ್ತು. ಹಸೀನಾಳ ಮಾತನ್ನು ಹಾಗೆ ಮಾಡಲು ಬರುತ್ತಿರಲಿಲ್ಲ. ಯಲ್ಲಪ್ಪ ಆಕೆಯಿಂದ ಕೇಳಿಕೊಂಡ ಮೇಲೆ ಸುಮ್ಮನೆ ಸಂಗಪ್ಪನವರ ಹತ್ತಿರ ಹೋಗಿ, ಪರದೆ ನೋಡಿ ಹೇಳಿ ಎನ್ನತೊಡಗಿದ. ಅವನನ್ನು ನೋಡಿ ಉಳಿದ ನೇಕಾರರೂ. ಹಸೀನಾ ಹೇಳುತ್ತಿದ್ದಳು, ಅವರು ಆಕೆ ಹೇಳಿ ಮುಗಿಸುವವರೆಗೆ ಮರ್ಯಾದೆಯಿಂದ ನಿಂತಿರುತ್ತಿದ್ದರು, ಆಮೇಲೆ ಅತ್ತ ನಡೆಯುತ್ತಿದ್ದರು. ಹೆಜ್ಜೆಯ ಸಪ್ಪಳ ಯಾವ ಕಡೆ ಹೋಗುತ್ತದೆಂದು ಆಕೆಗೆ ಕೇಳುತ್ತಿತ್ತು.

ಸಂಗಪ್ಪನವರು ಕೆಟ್ಟವರಲ್ಲ. ಒಂದು ಸಂಜೆ ನನ್ನನ್ನು ಕಟ್ಟೆಯ ಹತ್ತಿರ ಕರೆದು, "ಚೌತಿತನಕ ನೋಡೂಣು ತಂಗಿ," ಎಂದರು. "ಹುಡುಗಿ ಮ್ಯಾಲೆ ನನಗ ಸಿಟ್ಟಿಲ್ಲ. ಆದ್ರ ಕೇಳಿದ್ದ ನೆನಪಿಡಾಕ ಆಗದಾಕಿನ್ನ ಆ ಜಾಗಾದಾಗ ಕೂಡಸಿದ್ರ ನೇಕಾರರಿಗೆ ನಾ ಏನ್ ಹೇಳ್ಲಿ? ಕಣ್ಣ ಇದ್ದವರನ್ನ ಯಾರ್ನರ ನೋಡಬೇಕಾಗತೈತಿ."

ಇದನ್ನು ಹಸೀನಾಗೆ ನಾನು ಹೇಳಲಿಲ್ಲ, ಆಕೆಗೆ ಗೊತ್ತಿತ್ತು. "ಮನಿಗೆ ಹೋದ್ರ ಏನಾಗತೈತಿ ಗೊತ್ತನು?" ಎಂದಳು. "ಏನೂ ಆಗೂದಿಲ್ಲ. ರೊಟ್ಟಿ ಕೊಡ್ತಾರ, ಚಾ ಕೊಡ್ತಾರ. ಅಲ್ಲೆ ಕೂಡು ಅಂತಾರ, ಇಲ್ಲೆ ಸರಿ ಅಂತಾರ. ಮನ್ಯಾಗ ಎಲ್ಲಾರೂ ನನಗ ಹೇಳ್ತಾರ. ಇಲ್ಲಿ ಮಂದಿ ನನ್ನ ಕೇಳ್ತಾರ."

ನನ್ನ ನೆನಪಿನಲ್ಲಿ ನಾನು ಆಕೆಯನ್ನು ಮೊದಲಿನಿಂದ ನಂಬಿದ್ದೇನೆ. ಹೋದ ತಿಂಗಳು ಸಂಘದಲ್ಲಿ ಸಿಕ್ಕಾಗ ಇದನ್ನು ಹೇಳಿದರೆ ಹಸೀನಾ ನಕ್ಕಳು. "ನೀ ಯಂತ್ರ ನಂಬಿದ್ದಿ. ನಿನಗ ನಿದ್ದಿ ಕಮ್ಮಿ ಆಗೈತಿ, ಎರಡ ದಿನ ಸೂಟಿ ತಗೋ ಅಂದಿದ್ದಿ ನನಗ." ಅಂದಿರಬಹುದು. ದಿನಚರಿ ಬರೆಯುವ ರೂಢಿ ನನಗೆ ಆಗಲೂ ಇತ್ತು. ಆದರೆ ದಿನಚರಿಯಲ್ಲೂ ಸಿಗುವುದು ನಡೆದದ್ದಲ್ಲ, ಬರೆಯಲು ಕೂತಾಗ ನೆನಪಾದದ್ದು.

ಪ್ರೋಗ್ರಾಮನ್ನು ನಾನು ಮತ್ತೆ ಮತ್ತೆ ಓಡಿಸಿ ನೋಡಿದೆ. ಕೈಕಟ್ಟಿ ಕೂತು ಕೇಳಿದೆ. ಪ್ರತಿ ಸಲವೂ ಸರಿ. ಹಾಗೆ ಕೂತಿದ್ದ ಒಂದು ಮಧ್ಯಾಹ್ನ ಹಸೀನಾಗೆ ರೇಗಿತು.

"ನೀ ಹ್ಯಾಂಗ ಕೇಳ್ತಿ ಗೊತ್ತೈತೇನು? ಪುರಾಣ ಕೇಳಾಕ ಬಂದವರ ಹಂಗ. ಒಂದ ಗಿರಾಕಿಗೆ ಒಬ್ಬಾಕಿ, ಕೈಯಾಗ ಕೆಲಸಿಲ್ಲ. ನಾ ಹಂಗ ಕೇಳ್ತೀನೇನು? ಸರಿ, ಏಳು."

ನನ್ನನ್ನು ಎಬ್ಬಿಸಿ ತಾನು ಕೂತಳು. ಹೆಡ್‌ಫೋನ್ ಕಿತ್ತು ದನಿಯನ್ನು ಹೊರಗೆ ಬಿಟ್ಟಳು. ನನ್ನ ಮೊಬೈಲಿನಿಂದ ಸಂಘದ ಫೋನಿಗೆ ಕರೆ ಮಾಡಿಸಿ, ಯಲ್ಲಪ್ಪ ಕೇಳಲು ನಿಂತಿದ್ದಾಗ ಫೋನಿನಲ್ಲಿ ಬಂದಿದ್ದ ಆರ್ಡರನ್ನೇ ಹೇಳು ಎಂದಳು. ಅಂದು ಬಂದದ್ದು ನರೇಗಲ್ಲಿನ ಶಾಲೆಯ ಶಿಕ್ಷಕಿಯೊಬ್ಬರದು, ಸಾಸಿವೆ ಒಡಲು, ಕರಿ ದಡಿ. ನಾನು ಮೂಲೆಯಲ್ಲಿ ನಿಂತು ಶಿಕ್ಷಕಿಯಾದೆ. ಹಸೀನಾ ಬಸಮ್ಮನ ಆರ್ಡರಿನ ಕೀಲಿ ಒತ್ತಿದಳು. ಮೈಸೂರಿನ ದನಿ ಶುರುವಾಯಿತು. ಆಕೆಯ ಬೆರಳುಗಳು ಆಗಲೇ ನನ್ನ ಮಾತನ್ನು ಬರೆಯುತ್ತಿದ್ದವು, ಬರೆದ ಸಾಲು ಮುಗಿದು ಒಳಗೆ ಹೋಯಿತು. ದನಿ ತನ್ನ ಪಾಡಿಗೆ ಹೇಳುತ್ತ ಹೋಯಿತು, ಎಲ್ಲಿಯೂ ತಡವರಿಸದೆ, ಉಸಿರು ಕೂಡ ಬದಲಿಸದೆ:

"ಕೊಣ್ಣೂರ ಬಸಮ್ಮನವರ ನಡುವಿನ ಮಗಳ ಕುಬಸಕ್ಕೆ, ಹಸಿರು ಒಡಲು, ಕರಿ ದಡಿ."

ನಾನು ಫೋನ್ ಹಿಡಿದೇ ನಿಂತಿದ್ದೆ. ಓಣಿಯ ಮಗ್ಗಗಳೆಲ್ಲ ಒಮ್ಮೆಗೇ ನಿಂತಂತೆ ಅನ್ನಿಸಿತು, ನಿಂತಿರಲಾರವು.

"ಕೇಳ್ತನು?" ಎಂದಳು ಹಸೀನಾ ಮೆಲ್ಲಗೆ. "ನಾ ಹುಚ್ಚಿ ಅಲ್ಲ."

ಆ ಲೈಬ್ರರಿಯ ಜೊತೆ ಬಂದ ಸೂಚನೆಗಳಲ್ಲಿ ಒಂದು ವಾಕ್ಯ ಇತ್ತು. ನಾನು ಅದನ್ನು ಓದಿದ್ದೆ, ಅರ್ಥವೂ ಆಗಿತ್ತು. ಓದಿ ಮುಗಿಯಿತೆಂದು ಸೂಚನೆ ಬರುವವರೆಗೆ ಕೊಟ್ಟವರು ಅಕ್ಷರಗಳನ್ನು ಅಲ್ಲೇ, ಹಾಗೇ ಇಟ್ಟಿರಬೇಕು ಎಂದು. ಅದು ತಕ್ಷಣ ಹೇಳುತ್ತಿದ್ದ 'ಆಯಿತು' ಓದಿ ಆಯಿತು ಎಂದಲ್ಲ, ವಿಳಾಸ ಸಿಕ್ಕಿತು ಎಂದಷ್ಟೇ. ವಿಳಾಸ ತೆಗೆದುಕೊಂಡು ಅದು ಸಾವಕಾಶ ಒಂದೊಂದೇ ಪದ ಓದುತ್ತ ನಡೆಯುತ್ತಿತ್ತು. ಅಷ್ಟರಲ್ಲಿ ನಾನು ಜಾಗ ಬಿಟ್ಟುಕೊಟ್ಟಿರುತ್ತಿದ್ದೆ. ಬೇರೇನೂ ನಡೆಯದಿದ್ದರೆ ಬಿಟ್ಟ ಜಾಗದಲ್ಲೂ ಹಳೆಯ ಅಕ್ಷರಗಳು ಹಾಗೇ ಉಳಿದಿರುತ್ತವೆ. ಕೈಕಟ್ಟಿ ಕೂತಾಗ ಎಲ್ಲ ಸರಿ ಕೇಳಿಸಿದ್ದು ಅದಕ್ಕೇ. ಆದರೆ ಹಸೀನಾ ಹೊಸ ಸಾಲು ಬರೆದರೆ, ಖಾಲಿ ಇದೆಯೆಂದು ಅದೇ ಜಾಗ ಅದಕ್ಕೆ ಸಿಗುತ್ತಿತ್ತು. ಅರ್ಧ ದಾರಿಯಲ್ಲಿದ್ದ ದನಿ ಮುಂದಿನ ಹೆಜ್ಜೆಯನ್ನು ಇನ್ನೊಬ್ಬರ ಮಾತಿನೊಳಗೆ ಇಡುತ್ತಿತ್ತು. ಎಲ್ಲ ಆರ್ಡರುಗಳದ್ದೂ ಒಂದೇ ಧಾಟಿ, ಹೆಚ್ಚುಕಡಿಮೆ ಒಂದೇ ಉದ್ದ. ಆದ್ದರಿಂದ ಎಲ್ಲಿ ದಾಟಿತೆಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಅದು ತೊದಲಿದ್ದರೆ, ಕಿರುಚಿದ್ದರೆ, ಅರ್ಥವಿಲ್ಲದ್ದು ಒದರಿದ್ದರೆ ಯಾರೂ ಹಸೀನಾಳನ್ನು ದೂರುತ್ತಿರಲಿಲ್ಲ. ಅದು ಒಂದು ದಿನದ ಆರ್ಡರಿನ ಮೊದಲರ್ಧಕ್ಕೆ ಇನ್ನೊಂದು ದಿನದ ಆರ್ಡರಿನ ಕೊನೆಯರ್ಧ ಕೂಡಿಸಿ ಶಾಂತವಾಗಿ ಹೇಳುತ್ತಿತ್ತು. ನಾನು ನೆನಪು ಎಂದು ಕರೆಯುವುದು ಇನ್ನೇನು ಮಾಡುತ್ತದೆ ಎಂದು ಅಂದಿನಿಂದ ಕೇಳಿಕೊಳ್ಳುತ್ತಿದ್ದೇನೆ.

ತಿದ್ದಿದ್ದು ಕೆಲವೇ ಸಾಲು. ಪ್ರತಿ ಮಾತಿಗೂ ಬೇರೆ ಜಾಗ. ದನಿ ತಾನಾಗಿ 'ಮುಗಿಯಿತು' ಅನ್ನುವವರೆಗೆ ಅದನ್ನು ಯಾರಿಗೂ ಬಿಟ್ಟುಕೊಡಕೂಡದು. ಚೌತಿಗೆ ಇನ್ನೂ ಕೆಲವು ದಿನ ಇದ್ದಾಗ ಸಂಗಪ್ಪನವರನ್ನು ಕೂಡಿಸಿಕೊಂಡು ಹಳೆಯದನ್ನೂ ಹೊಸದನ್ನೂ ಓಡಿಸಿ ತೋರಿಸಿದೆ. ಹಳೆಯದು ಕರಿ ದಡಿ ಅಂದಾಗ ಅವರು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು.

"ಅಂದ್ರ ಹುಡುಗಿ ಕೇಳಿದ್ದು ಖರೇನ."

"ಖರೇ ರೀ."

"ಮತ್ತ ನಾವು ನೋಡಿದ್ದು?"

"ಅದೂ ಖರೇ ರೀ."

"ಅಡ್ಡಿಯಿಲ್ಲ ಬಿಡು," ಎಂದು ನಿಟ್ಟುಸಿರು ಬಿಟ್ಟು, "ಕೂಡವ್ವಾ ಹಸೀನಾ, ನಿನ್ನ ಜಾಗಾ ನಿನಗ," ಎಂದರು.

ಹಸೀನಾ ಸಂತೋಷಪಡಲಿಲ್ಲ. "ನೀವು ಒಪ್ಪಿದ್ರಿ. ಮಗ್ಗಕ್ಕ ಕೂಡಾವರು ನೀವಲ್ಲಲ್ರಿ," ಎಂದಳು.

ಸೇತುವೆಯ ನೀರು ಇಳಿದ ಮೇಲೆ ಯಲ್ಲಪ್ಪ ಬಸಮ್ಮನ ಮಗಳ ಎರಡನೇ ಸೀರೆಗೆ ಹಾಸು ಹೂಡಲು ಬಂದ. ಬಣ್ಣ ಅವನಿಗೆ ಗೊತ್ತಿಲ್ಲದ್ದೇನಲ್ಲ, ಇಡೀ ಓಣಿಗೆ ಗೊತ್ತಿತ್ತು. ಆದರೂ ಕೇಳದೆ ಹೂಡುವಂತಿಲ್ಲ. ಮೇಜಿನ ಮುಂದೆ ಬಂದು ನಿಂತ. ಹಸೀನಾ ಕೀಲಿ ಒತ್ತಿದಳು. ಯಾರೂ ಹೇಳಿ ಮಾಡಿಸಿದ್ದಲ್ಲ, ಅದೇ ಹೊತ್ತಿಗೆ ಫೋನ್ ಬಂತು. ಹೊಳೆಮಣ್ಣೂರಿನಿಂದ ಯಾರೋ ಹೆಂಗಸು, ನೀರು ಮನೆಯೊಳಗೆ ಬಂದು ಹೋದ ಕತೆಯಿಂದ ಶುರು ಮಾಡಿ ಸೀರೆಗೆ ಬಂದಳು. ಫೋನನ್ನು ಕೆಳಗಿಡದೆಯೇ ಹಸೀನಾ ಆಕೆಯ ಮಾತನ್ನು ಬರೆದಳು. ನಾನು ಕುರ್ಚಿಯ ಅಂಚಿನಲ್ಲಿ ಕೂತಿದ್ದೆ. ಬೇಡ, ನಿಲ್ಲಿಸು, ಇದೊಂದು ಸಲ ಒಂದೇ ಕೆಲಸ ಮಾಡು ಎಂದು ಹೇಳಬೇಕೆನಿಸಿತು. ಹೇಳಲಿಲ್ಲ.

ಹಸೀನಾ ಫೋನಿನ ಬಾಯಿಗೆ ಕೈ ಮುಚ್ಚಿದಳು. "ಕೊಣ್ಣೂರ ಬಸಮ್ಮನವರ ನಡುವಿನ ಮಗಳ ಕುಬಸಕ್ಕ ಕಾಕಾ. ಹಸಿರ ಒಡಲು. ಕೆಂಪ ದಡಿ. ಸೆರಗಿಗೂ ಕೆಂಪ."

ಸಂಗಪ್ಪನವರು, ರೂಢಿಯಾಗಿಬಿಟ್ಟಿತ್ತಲ್ಲ, ಕನ್ನಡಕ ಹಾಕಿಕೊಂಡು ಪರದೆಯನ್ನು ತಮ್ಮ ಕಡೆ ಅರ್ಧ ತಿರುಗಿಸಿದರು. "ನೋಡಿ ಹೇಳ್ಲೇನು?"

"ಯಾಕ್ರಿ?" ಎಂದ ಯಲ್ಲಪ್ಪ. "ಕೇಳೀನಲ್ರಿ."

ಸಂಗಪ್ಪನವರ ಮೇಜಿನ ಕಡೆ ಹೋಗದೆ ಅವನು ಬಾಗಿಲು ದಾಟಿದ. ಹಸೀನಾ ಫೋನಿನ ಮೇಲಿನ ಕೈ ತೆಗೆಯಲಿಲ್ಲ. ಹೊಳೆಮಣ್ಣೂರಿನ ಹೆಂಗಸು ಒಳಗೆ ಹಲೋ ಹಲೋ ಅನ್ನುತ್ತಿದ್ದಳು. ಹೆಜ್ಜೆಯ ಸಪ್ಪಳ ಓಣಿ ದಾಟಿ, ಎದುರಿನ ಮೆಟ್ಟಿಲು ಇಳಿದು, ಕಾಲು ಇಳಿಬಿಟ್ಟು ಕೂಡುವ ಮಗ್ಗದ ಗುಣಿಯೊಳಗೆ ಸೇರುವವರೆಗೂ ಹಸೀನಾ ಹಾಗೇ ಕಿವಿಗೊಟ್ಟು ಕೂತಿದ್ದಳು.

ಆಗ ಹೊರಗೆ ಮಳೆ ಬರುತ್ತಿತ್ತು ಎಂದು ನಾನು ಇಷ್ಟು ವರ್ಷ ನಂಬಿಕೊಂಡಿದ್ದೆ. ಹೋದ ತಿಂಗಳು ಅದೇ ಮೇಜಿನ ಈಚೆ ಕೂತು ಹೇಳಿದೆ. "ಮಳಿ ಎಲ್ಲಿಂದ ತಂದೀಬೇ?" ಎಂದಳು ಹಸೀನಾ. "ಛಲೋ ಬಿಸಿಲಿತ್ತು. ಎಡಗಲ್ಲ ಬೆಚ್ಚಗಾಗಿತ್ತು ನಂದು." ಆಕೆಯದೇ ಸರಿ ಇರಬಹುದು. ನನ್ನ ಮಳೆ ಬೇರೆ ಯಾವುದೋ ದಿನದ್ದಿರಬಹುದು. ಮಳೆಯನ್ನು ಬಿಟ್ಟುಕೊಟ್ಟೆ. ಯಲ್ಲಪ್ಪ ಏನೆಂದ ಎಂಬುದರ ಬಗ್ಗೆ ಮಾತ್ರ ನಮ್ಮಿಬ್ಬರಲ್ಲಿ ತಕರಾರಿಲ್ಲ.